ಹಳೆಯ ಬೆಂಜ್, ಹಿಡಿಸೂಡಿ ಕಡ್ಡಿ ಮತ್ತು ಮುಂಬಯಿ ಮಳೆ



ಭಾನುವಾರ ಬೆಳಿಗ್ಗೆ ನಿಮ್ಮ ಸೊಸೈಟಿಯ ಕಂಪೌಂಡಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಮಾಟುಂಗಾ, ಚೆಂಬೂರು, ಮುಲುಂಡ್, ಬೊರಿವಲಿ, ಎಲ್ಲೇ ಇರಲಿ, ಹೊಸ ಕಾರುಗಳ ಸಾಲಿನ ಕೊನೆಯಲ್ಲಿ ಗೋಡೆಗೆ ಒತ್ತಿಕೊಂಡು, ಮಾಸಿದ ಕವರ್ ಹೊದ್ದು ನಿಂತ ಒಂದು ಕಾರು ಕಣ್ಣಿಗೆ ಬಿದ್ದೀತು. ಕವರ್ ಎತ್ತಿದರೆ ಒಳಗೆ ಪ್ರೀಮಿಯರ್ ಪದ್ಮಿನಿ ಇರಬಹುದು. ಇಲ್ಲವೇ ಮೂಗಿನ ಮೇಲೆ ಮೂರು ಮೊನೆಯ ನಕ್ಷತ್ರ ಹೊತ್ತ ಬೆಂಜ್ ಇರಬಹುದು. "ಅಪ್ಪ ಗಲ್ಫಿನಿಂದ ತಂದದ್ದು. ಮಾರಲು ಮನಸ್ಸಿಲ್ಲ, ಓಡಿಸುವವರಿಲ್ಲ" ಎಂಬ ಮಾತು ಅದರ ಹಿಂದೆಯೇ ಬರುತ್ತದೆ.

ಪದ್ಮಿನಿಯ ಕಥೆ ನಮಗೆಲ್ಲ ಗೊತ್ತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿ, ಕಾಲಿ-ಪೀಲಿ ಟ್ಯಾಕ್ಸಿಯಾಗಿ ಈ ನಗರವನ್ನು ದಶಕಗಳ ಕಾಲ ಹೊತ್ತು ತಿರುಗಿ, 2023ರ ಅಕ್ಟೋಬರ್ ಕೊನೆಯಲ್ಲಿ ಅದು ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ಆದರೆ ಆ ಇನ್ನೊಂದು ಕಾರು, ಹಳೆಯ ಜರ್ಮನ್ ಕಾರು, ಮುಂಬಯಿಗೆ ಹೇಗೆ ಬಂತು? ಕಂಪೆನಿಯ ಷೋರೂಮೇ ಇಲ್ಲದ ಕಾಲದಲ್ಲಿ ಇಲ್ಲಿ ಹೇಗೆ ಬದುಕಿತು? ಇಂದು ನಿಮ್ಮ ಮನೆಯಲ್ಲಿ ಅಂಥದೊಂದು ಇದ್ದರೆ ಅದನ್ನು ನೀವೇ ಹೇಗೆ ಕಾಪಾಡಿಕೊಳ್ಳಬಹುದು? ಈ ಮೂರೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬನ್ನಿ, ಮೊದಲಿನಿಂದ ನೋಡೋಣ.

ಮೊದಲ ಮೆಕ್ಯಾನಿಕ್ ಒಬ್ಬ ಗೃಹಿಣಿ

ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಗಾಡಿ ತಯಾರಾಯಿತು, ಕೊಳ್ಳುವವರಿಲ್ಲ! ಕುದುರೆಯಿಲ್ಲದ ಗಾಡಿಯನ್ನು ನಂಬುವವರು ಯಾರು? ಆಗ ಆತನ ಹೆಂಡತಿ ಬೆರ್ತಾ ಬೆಂಜ್ ಒಂದು ಸಾಹಸ ಮಾಡಿದಳು. 1888ರ ಆಗಸ್ಟ್‌ನ ಒಂದು ಬೆಳಿಗ್ಗೆ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅಷ್ಟು ದೂರ ಕಾರಿನಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ದಾರಿಯಲ್ಲಿ ಇಂಧನ ಮುಗಿಯಿತು. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಾಗ ಟೋಪಿಯ ಪಿನ್ನಿನಿಂದ ತೆಗೆದಳು, ಇಗ್ನಿಷನ್ ವಯರಿನ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನು ಸುತ್ತಿದಳು, ಮರದ ಬ್ರೇಕು ಸವೆದಾಗ ದಾರಿಯ ಚಮ್ಮಾರನಿಂದ ತೊಗಲು ಹೊಡೆಸಿದಳು ಎಂದು ಕಥೆ ಹೇಳುತ್ತಾರೆ. ಮನೆಗೆ ಮರಳಿ, "ಏರು ಹತ್ತಲು ಇನ್ನೊಂದು ಗೇರ್ ಬೇಕು" ಎಂದು ಗಂಡನಿಗೆ ಸಲಹೆಯನ್ನೂ ಕೊಟ್ಟಳಂತೆ.

ಅಂದರೆ ನೋಡಿ, ಮೆಕ್ಯಾನಿಕ್ ಎಂಬ ವೃತ್ತಿ ಹುಟ್ಟುವ ಮೊದಲೇ ಜರ್ಮನ್ ಕಾರು ಸ್ವಂತ ರಿಪೇರಿಯಿಂದ ನಡೆದಿತ್ತು! ಟೋಪಿಯ ಪಿನ್ನಿನ ಮಾತನ್ನು ಮರೆಯಬೇಡಿ, ಮುಂದೆ ನಮ್ಮೂರಿನ ಹಿಡಿಸೂಡಿ ಕಡ್ಡಿಯ ಹೊತ್ತಿಗೆ ಅದು ಮತ್ತೆ ಬರುತ್ತದೆ.

ಮುಂಬಯಿಗೆ ಬಂದ ದಾರಿಗಳು

ಮುಂಬಯಿಯ ರಸ್ತೆಗೆ ಮೋಟಾರು ಕಾರುಗಳು ಇಳಿದದ್ದು 1898ರ ಸುಮಾರಿಗೆ. 1911ರಲ್ಲಿ ಟ್ಯಾಕ್ಸಿ ಬಂತು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಹೀಗೆ ಸ್ವಾತಂತ್ರ್ಯದವರೆಗೂ ಈ ನಗರ ಮುಖ್ಯವಾಗಿ ಅಮೆರಿಕನ್ ಮತ್ತು ಇಂಗ್ಲಿಷ್ ಕಾರುಗಳದ್ದು. ಜರ್ಮನ್ ಕಾರು ರಾಜರು, ಶೆಟ್‌ಜಿಗಳ ಬಂಗಲೆಗಳಲ್ಲಿ ಅಲ್ಲೊಂದು ಇಲ್ಲೊಂದು.

ಸ್ವಾತಂತ್ರ್ಯದ ನಂತರ ಸರಕಾರ ಆಮದಿಗೆ ಕಡಿವಾಣ ಹಾಕಿತು. ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಜಾಗ ಖಾಲಿ ಮಾಡಿ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ವಿಚಿತ್ರವೆಂದರೆ ಆ ಬಾಗಿಲು ಮುಚ್ಚಿದ ಹೊತ್ತಿನಲ್ಲೇ ಜರ್ಮನ್ ತಂತ್ರಜ್ಞಾನ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು, ಅದೂ ಲಾರಿಯ ರೂಪದಲ್ಲಿ.

1954ರಲ್ಲಿ ಟಾಟಾದವರ ಟೆಲ್ಕೋ ಕಂಪೆನಿ ಡೈಮ್ಲರ್-ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ನಮ್ಮ ಘಟ್ಟದ ರಸ್ತೆಗಳಲ್ಲಿ ಹಿರಿಯರು "ಬೆಂಜ್ ಲಾರಿ" ಎಂದು ಕರೆಯುತ್ತಿದ್ದುದು ಇದನ್ನೇ. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಗುರುತು ಹೋಯಿತು. ಆದರೆ ಆ ಎಂಜಿನ್ ಬಿಚ್ಚಿ ಜೋಡಿಸಲು ಕಲಿತ ಒಂದು ಪೀಳಿಗೆ ದೇಶದ ತುಂಬ ಉಳಿಯಿತು.

ಎರಡನೆಯ ದಾರಿ ನಮ್ಮ ಗೋರೆಗಾಂವ್‌ನದ್ದೇ! ಹ್ಯಾಂಬರ್ಗಿನ ವಿಡಾಲ್ ಮತ್ತು ಮಗ ಎಂಬ ಕಂಪೆನಿ ತನ್ನ ಮೂರು ಚಕ್ರದ ಸರಕು ಗಾಡಿಗೆ ಟೆಂಪೋ ಎಂದು ಹೆಸರಿಟ್ಟಿತ್ತು. 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೋ ಕಂಪೆನಿ ಆ ಗಾಡಿಯನ್ನು ಗೋರೆಗಾಂವ್‌ನಲ್ಲಿ ತಯಾರಿಸತೊಡಗಿ, 1960ರ ದಶಕದಲ್ಲಿ ಪುಣೆ ಬಳಿಯ ಆಕುರ್ಡಿಗೆ ಹೋಯಿತು. ಇಂದು ನಾವು "ಸಾಮಾನು ಸಾಗಿಸಲು ಒಂದು ಟೆಂಪೋ ಹೇಳಿ" ಎನ್ನುತ್ತೇವಲ್ಲ, ಆ ಶಬ್ದ ಜರ್ಮನಿಯ ಒಂದು ಕಾರ್ಖಾನೆಯ ಹೆಸರು ಎಂದು ಎಷ್ಟು ಮಂದಿಗೆ ಗೊತ್ತು? ಇದೇ ಕಂಪೆನಿ ಮುಂದೆ ಮೆಟಾಡೋರ್, ಟ್ರ್ಯಾಕ್ಸ್ ಗಾಡಿಗಳಿಗೆ ಮರ್ಸಿಡಿಸ್ ಮೂಲದ ಓಎಂ 616 ಎಂಬ ಡೀಸೆಲ್ ಎಂಜಿನನ್ನು ಇಲ್ಲೇ ತಯಾರಿಸಿತು. ಈ ಹೆಸರನ್ನು ನೆನಪಿಡಿ, ಕಾರಿನ ಕಥೆಗೆ ಬೇಕಾಗುತ್ತದೆ.

ಮೂರನೆಯ ದಾರಿ ಬೆಂಗಳೂರಿನದು. ಜರ್ಮನಿಯ ಬಾಷ್ ಕಂಪೆನಿಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಎಂದರೆ ನಮ್ಮೆಲ್ಲರ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ಮಾಡತೊಡಗಿತು. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು. ಮುಂಬಯಿಯ ಗ್ಯಾರೇಜಿನಲ್ಲಿ ಜರ್ಮನ್ ಎಂಜಿನ್ ಕೆಮ್ಮಿದಾಗ ಕನ್ನಡ ನಾಡಿನಲ್ಲಿ ತಯಾರಾದ ಪ್ಲಗ್ಗು ನೆರವಿಗೆ ಬರುತ್ತಿತ್ತು ಎನ್ನುವುದು ನಮಗೆ ಖುಷಿಯ ಸಂಗತಿಯಲ್ಲವೇ?

ರಾಯಭಾರಿಯ ಕಾರು, ಗಲ್ಫಿನ ಕಾರು

ಇನ್ನು ಕಾರಿಗೆ ಬರೋಣ. ಲೈಸೆನ್ಸ್ ರಾಜ್ ಕಾಲದಲ್ಲಿ ಸಾಮಾನ್ಯರು ವಿದೇಶಿ ಕಾರು ತರಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ವಿದೇಶಿ ರಾಯಭಾರ ಕಚೇರಿಗಳು ಬಳಸಿ ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು, ಅದು ಒಂದು. ವಿದೇಶದಲ್ಲಿ ದುಡಿದು ಊರಿಗೆ ಮರಳುವವರು ವಾಸ ಬದಲಾವಣೆಯ ನಿಯಮದಡಿ ಸುಂಕ ಕಟ್ಟಿ ತಮ್ಮ ಕಾರನ್ನು ಹಡಗಿನಲ್ಲಿ ತರುತ್ತಿದ್ದರು, ಅದು ಇನ್ನೊಂದು. 1970ರ ದಶಕದಿಂದ ಗಲ್ಫ್ ದೇಶಗಳ ದುಡಿಮೆ ಹೆಚ್ಚಿದಂತೆ ಎರಡನೆಯ ದಾರಿ ಅಗಲವಾಯಿತು.

ಹೀಗೆ ಬಂದವುಗಳಲ್ಲಿ ಜನಪ್ರಿಯವಾದದ್ದು ಮರ್ಸಿಡಿಸ್‌ನ ಡಬ್ಲ್ಯು 123 ಎಂಬ ಸರಣಿ. 1976ರಲ್ಲಿ ಮಾರುಕಟ್ಟೆಗೆ ಬಂದು ಸುಮಾರು ಹತ್ತು ವರ್ಷ ನಡೆದ ಈ ಸರಣಿಯಲ್ಲಿ 26 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದರ 240ಡಿ ಎಂಬ ಡೀಸೆಲ್ ಮಾದರಿಯ ಎಂಜಿನ್ ಯಾವುದು ಗೊತ್ತೇ? ಅದೇ ಓಎಂ 616! ಷೋರೂಮಿಲ್ಲದ, ಬಿಡಿಭಾಗಕ್ಕೆ ಜರ್ಮನಿಯತ್ತ ನೋಡಬೇಕಿದ್ದ ಕಾಲದಲ್ಲಿ, ಸಾಹುಕಾರರ ಕಾರೂ ತರಕಾರಿ ಸಾಗಿಸುವ ಮೆಟಾಡೋರೂ ಎಂಜಿನ್ನಿನ ಲೆಕ್ಕದಲ್ಲಿ ದಾಯಾದಿಗಳಾದವು. ಮೆಟಾಡೋರಿನ ಎಂಜಿನ್ ಅರಿತ ಮೆಕ್ಯಾನಿಕ್ ಬೆಂಜ್‌ನ ಬಾನೆಟ್ ಎತ್ತಲು ಹೆದರಬೇಕಿರಲಿಲ್ಲ. ಉಳಿದ ಸಾಮಾನಿಗೆ ಚೋರ್ ಬಜಾರ್, ಗ್ರಾಂಟ್ ರೋಡಿನ ಆಸುಪಾಸು, ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳು ಇದ್ದವು. ಸಿಗದಿದ್ದರೆ ಲೇತಿನಲ್ಲಿ ಕಡೆಸುವುದು, ರಬ್ಬರ್ ಬುಷ್ ಅಚ್ಚು ಹಾಕಿಸುವುದು. ಕೊರತೆಯೇ ಗುರುವಾಗಿತ್ತು.

ಇದೇ ಹೊತ್ತಿಗೆ ಜಗತ್ತಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಜರ್ಮನ್ ಕಾರು ಕಾರಿನ ಯಜಮಾನರನ್ನೇ ಮೆಕ್ಯಾನಿಕ್ ಮಾಡುತ್ತಿತ್ತು. ಫೋಕ್ಸ್‌ವಾಗನ್ ಬೀಟಲ್, ಅದೇ ಆಮೆಯ ಬೆನ್ನಿನಂಥ ಕಾರು. ರೇಡಿಯೇಟರ್ ಇಲ್ಲ, ಎಂಜಿನ್ ಹಿಂದೆ, ಗಾಳಿಯಿಂದಲೇ ತಂಪಾಗುತ್ತದೆ. 1969ರಲ್ಲಿ ಅಮೆರಿಕದಲ್ಲಿ ಜಾನ್ ಮ್ಯುಯಿರ್ ಎಂಬಾತ, ಏನೂ ತಿಳಿಯದವನೂ ತನ್ನ ಫೋಕ್ಸ್‌ವಾಗನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವಂತೆ ಹಂತ ಹಂತವಾಗಿ ಕಲಿಸುವ ಕೈಪಿಡಿ ಬರೆದು ಪ್ರಕಟಿಸಿದ. ಅದು ದೊಡ್ಡ ಹೆಸರು ಮಾಡಿತು. 2003ರ ಜುಲೈನಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಬೀಟಲ್ ತಯಾರಾಗುವ ಹೊತ್ತಿಗೆ ಒಟ್ಟು ಸಂಖ್ಯೆ 2 ಕೋಟಿ 15 ಲಕ್ಷ ದಾಟಿತ್ತು. ಅಲ್ಲಿ ಸ್ವಂತ ರಿಪೇರಿ ಹವ್ಯಾಸ, ಇಲ್ಲಿ ಅನಿವಾರ್ಯ. ಆದರೆ ಎರಡೂ ಕಡೆ ಕಾರು ಉಳಿದದ್ದು ಯಜಮಾನ ಅದನ್ನು ಬಲ್ಲವನಾಗಿದ್ದರಿಂದ.

ಉದಾರೀಕರಣದ ನಂತರ ಚಿತ್ರ ಬದಲಾಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್, ಅಂದರೆ ಡಬ್ಲ್ಯು 124, ಜೋಡಣೆಯಾಗತೊಡಗಿತು. 1996ರಲ್ಲಿ ಓಪೆಲ್ ಆಸ್ಟ್ರಾ, ಆಮೇಲೆ ಓಪೆಲ್ ಕೋರ್ಸಾ ಬಂದವು. 2006ರಲ್ಲಿ ಓಪೆಲ್ ಹೆಸರು ಭಾರತದಿಂದ ಹೊರಟಾಗ ಅದರ ಯಜಮಾನರು ಮತ್ತೆ ಚೋರ್ ಬಜಾರಿನ ದಾರಿ ಹಿಡಿಯಬೇಕಾಯಿತು. ಕಂಪೆನಿ ಬರುತ್ತದೆ, ಹೋಗುತ್ತದೆ. ಮನೆಯ ಮುಂದೆ ನಿಂತ ಕಾರಿಗೆ ಕೊನೆಗೂ ನೀವೇ ಗತಿ.

2005ರ ಜುಲೈ 26

ಆ ದಿನವನ್ನು ಮುಂಬಯಿಗರು ಮರೆಯುವುದುಂಟೇ? ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಜನರು ಜೀವ ಕಳೆದುಕೊಂಡರು, ಮನೆ ಕಳೆದುಕೊಂಡರು. ಅದರ ಮುಂದೆ ಕಾರಿನ ನಷ್ಟ ಸಣ್ಣದೇ. ಆದರೂ ಆ ದಿನ ಕಲಿಸಿದ ಒಂದು ಪಾಠ ಇಂದಿಗೂ ಪ್ರತಿ ಮಳೆಗಾಲದಲ್ಲಿ ಬೇಕಾಗುತ್ತದೆ.

ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತೊಂದು ಪಟ್ಟು ಅದುಮುತ್ತದೆ. ಸಿಲಿಂಡರಿನಲ್ಲಿ ನೀರು ಸೇರಿದ್ದಾಗ ಕೀಲಿ ತಿರುಗಿಸಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಮಾಡದ ಹಾನಿಯನ್ನು ನಮ್ಮ ಅವಸರ ಮಾಡುತ್ತದೆ. ಬ್ಯಾಟರಿಯ ಸಂಪರ್ಕ ತೆಗೆಯಿರಿ, ತಳ್ಳಿ ಒಣ ಜಾಗಕ್ಕೆ ತನ್ನಿ, ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಒಳಹೊಕ್ಕಿದೆ ಎಂದರ್ಥ. ಮುಂದಿನ ಕೆಲಸ ಗ್ಯಾರೇಜಿನವರದು.

ನಿಮ್ಮ ಕೈಯಲ್ಲಿರುವ ಕೆಲಸಗಳು

ಈಗ ಹಿಡಿಸೂಡಿ ಕಡ್ಡಿಯ ಮಾತು. ಮುಂಬಯಿಯಲ್ಲಿ ಹಳೆಯ ಕಾರನ್ನು ಕೊಲ್ಲುವುದು ಓಡಾಟವಲ್ಲ, ತುಕ್ಕು. ಒಂದು ಕಡೆ ಉಪ್ಪುಗಾಳಿ, ಇನ್ನೊಂದು ಕಡೆ ನಾಲ್ಕು ತಿಂಗಳ ಮಳೆ. ಮೇಲೆ ಬಿದ್ದ ನೀರು ಹರಿದುಹೋದರೆ ತೊಂದರೆಯಿಲ್ಲ, ಒಳಗೆ ನಿಂತದ್ದು ತಿನ್ನುತ್ತದೆ. ಕಾರು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಬಾಗಿಲುಗಳ ತಳದಲ್ಲಿ, ಗಾಜಿನ ಮುಂದೆ ವೈಪರಿನ ಕೆಳಗೆ, ಸನ್‌ರೂಫ್‌ನ ಮೂಲೆಗಳಲ್ಲಿ ನೀರು ಹೋಗಲು ಸಣ್ಣ ತೂತುಗಳನ್ನು ಇಟ್ಟಿದ್ದಾರೆ. ಮರದ ಕೆಳಗೆ ನಿಂತ ಕಾರಿನಲ್ಲಿ ಎಲೆ, ಧೂಳು ಸೇರಿ ಅವು ಕಟ್ಟಿಕೊಳ್ಳುತ್ತವೆ. ಮೇ ತಿಂಗಳ ಕೊನೆಯಲ್ಲಿ ಒಂದು ಹಿಡಿಸೂಡಿ ಕಡ್ಡಿ ತೆಗೆದುಕೊಂಡು ಬಾಗಿಲು ಮತ್ತು ವೈಪರಿನ ಕೆಳಗಿನ ತೂತುಗಳನ್ನು ಒಂದೊಂದಾಗಿ ಬಿಡಿಸಿ. ಕಬ್ಬಿಣದ ತಂತಿ ಬೇಡ, ಅದು ಬಣ್ಣ ಕೆರೆದು ಹೊಸ ತುಕ್ಕಿಗೆ ದಾರಿ ಮಾಡುತ್ತದೆ. ಆಮೇಲೆ ಒಂದು ಲೋಟ ನೀರು ಹಾಕಿ ಕೆಳಗೆ ಇಳಿಯುತ್ತದೆಯೇ ನೋಡಿ. ಬೆರ್ತಾಳ ಟೋಪಿಯ ಪಿನ್ನು ಮಾಡಿದ ಕೆಲಸವನ್ನೇ ನಮ್ಮ ತೆಂಗಿನ ಕಡ್ಡಿ ಮಾಡುತ್ತದೆ. ಖರ್ಚು ಸೊನ್ನೆ!

ತೊಳೆಯುವ ವಿಷಯಕ್ಕೆ ಬನ್ನಿ. ನಮ್ಮ ಕಟ್ಟಡಗಳಲ್ಲಿ ಬೆಳಿಗ್ಗೆ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಹತ್ತು ಕಾರು ಒರೆಸುವ ಪದ್ಧತಿ. ಹತ್ತನೆಯ ಕಾರಿಗೆ ಸಿಗುವುದು ನೀರಲ್ಲ, ಮರಳು ಕಾಗದ! ಬಿಸಿಲಲ್ಲಿ ನೋಡಿದರೆ ಜೇಡರ ಬಲೆಯಂತೆ ಗೀರುಗಳು ಕಾಣುವುದು ಇದರಿಂದಲೇ. ತಪ್ಪು ಆ ಹುಡುಗನದಲ್ಲ, ಹೆಚ್ಚು ನೀರು ಕೊಡದ ನಮ್ಮದು. ಎರಡು ಬಕೆಟ್ ಇಡಿ. ಒಂದರಲ್ಲಿ ಕಾರಿನ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಮೊದಲು ನೀರು ಹೊಯ್ದು ಧೂಳು ಇಳಿಸಿ, ಮೇಲಿನಿಂದ ಕೆಳಗೆ ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ಮೇಣದ ಪದರವನ್ನು ತೆಗೆದುಬಿಡುತ್ತದೆ, ಅದು ಬೇಡ. ಮರೀನ್ ಡ್ರೈವ್‌ನಲ್ಲಿ ಅಲೆ ಹಾರುವ ದಿನ ಓಡಾಡಿ ಬಂದಿದ್ದರೆ ಅಂದೇ ಚಕ್ರದ ಗೂಡು ಮತ್ತು ಅಡಿಭಾಗಕ್ಕೆ ಸಿಹಿನೀರು ಹಾಯಿಸಿ. ಕಾಗೆ, ಪಾರಿವಾಳದ ಹಿಕ್ಕೆಯನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಿಂದ ತೆಗೆಯಿರಿ.

ಬಣ್ಣ ಮಂಕಾಗಿದ್ದರೆ ಕೂಡಲೇ ಪೂರ್ತಿ ಪೇಂಟ್ ಹೊಡೆಸಲು ಓಡಬೇಡಿ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಷ್ ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಹಳೆಯ ಕಾಲದ ಒಂದೇ ಪದರದ ಪೇಂಟು. ಮೇಲಿನ ಸತ್ತ ಪದರ ತೆಳುವಾಗಿ ಹೋದರೆ ಕೆಳಗಿನ ಬಣ್ಣ ಹೊಳೆಯುತ್ತದೆ. ಬಣ್ಣ ಹತ್ತದಿದ್ದರೆ ಮೇಲೆ ಪಾರದರ್ಶಕ ಪದರವಿದೆ, ಅದು ಸುಲಿಯತೊಡಗಿದ್ದರೆ ಪಾಲಿಷ್‌ನಿಂದ ಸರಿಹೋಗದು. ಯಾವುದೇ ಇರಲಿ, ಅಂಚು ಮತ್ತು ಮೂಲೆಗಳಲ್ಲಿ ಪೇಂಟು ತೆಳು, ಹಗುರವಾಗಿ ಉಜ್ಜಿ. ಕೊನೆಗೆ ಮೇಣ ಹಚ್ಚಿ, ಮಳೆಗಾಲದ ಮೊದಲು ತಪ್ಪದೆ. ಸಣ್ಣ ಗೀರಿಗೆ ಟಚ್-ಅಪ್ ಮಾಡುವಾಗ "ಬಿಳಿ" ಎಂದು ಕೇಳಿದರೆ ಸಾಲದು. ಹಳೆಯ ಬೆಂಜ್‌ನ ಬಾನೆಟ್ ಎತ್ತಿ, ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಲ್ಲಿರುವ ಫಲಕ ನೋಡಿ. ಮೂರು ಅಂಕಿಯ ಬಣ್ಣದ ಸಂಖ್ಯೆ ಅಲ್ಲಿರುತ್ತದೆ.

ತುಕ್ಕಿನ ಚುಕ್ಕೆ ಕಂಡಲ್ಲಿ ಮೇಲೆ ಪುಟ್ಟಿ ಬಳಿದು ಮುಚ್ಚಿದರೆ ಹುಣ್ಣಿನ ಮೇಲೆ ಪೌಡರ್ ಹಾಕಿದಂತೆ. ಲೋಹ ಕಾಣುವವರೆಗೆ ಉಜ್ಜಿ, ತುಕ್ಕು ನಿರೋಧಕ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ. ಈ ಕೆಲಸ ಚಳಿಗಾಲದ ಒಣ ಹವೆಯಲ್ಲಿ ಮಾಡಿ, ಆಷಾಢದಲ್ಲಿ ಬೇಡ. ಜ್ಯಾಕ್ ಕೂರಿಸುವ ಜಾಗ, ಬ್ಯಾಟರಿಯ ತಟ್ಟೆ, ಹಿಂದಿನ ಚಕ್ರದ ಕಮಾನು, ಡಿಕ್ಕಿಯ ಸ್ಟೆಪ್ನಿ ಗುಂಡಿ, ಇವನ್ನು ವರ್ಷಕ್ಕೊಮ್ಮೆಯಾದರೂ ಮುಟ್ಟಿ ನೋಡಿ.

ಒಳಗಡೆ ಮುಗ್ಗಲು ವಾಸನೆ ಬಂದರೆ ಅಗರಬತ್ತಿ, ಸೆಂಟು ಉಪಾಯವಲ್ಲ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಾಗಿದ್ದರೆ ಬಾಗಿಲಿನ ರಬ್ಬರ್ ಬೀಡಿಂಗ್ ಸೋರುತ್ತಿದೆ, ಇಲ್ಲವೇ ಏಸಿಯ ನೀರಿನ ಕೊಳವೆ ಕಟ್ಟಿದೆ. ಬೀಡಿಂಗಿಗೆ ಸಿಲಿಕೋನ್ ಅಥವಾ ಗ್ಲಿಸರಿನ್ ಹಚ್ಚಬಹುದು. ಡೀಸೆಲ್, ಸೀಮೆಎಣ್ಣೆ ತಾಗಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಇನ್ನು ಆ ಪ್ಲಾಸ್ಟಿಕ್ ಕವರ್! ಒದ್ದೆ ಕಾರಿಗೆ ಗಾಳಿಯಾಡದ ಕವರ್ ಹಾಕಿದರೆ ಒಳಗೆ ಇಡ್ಲಿ ಪಾತ್ರೆಯಂತೆ ಹಬೆಯಾಡುತ್ತದೆ. ಕವರಿಲ್ಲದ ಕಾರಿಗಿಂತ ಅದು ಬೇಗ ತುಕ್ಕು ಹಿಡಿದೀತು.

ಬಾನೆಟ್ ಕೆಳಗೆ

"ನಮ್ಮಲ್ಲಿ ಹಿಮ ಬೀಳುತ್ತದೆಯೇ? ಕೂಲಂಟ್ ಯಾಕೆ, ನಲ್ಲಿ ನೀರು ಸಾಕು" ಎನ್ನುವವರು ಬಹಳ. ಕೂಲಂಟ್ ಹಿಮಕ್ಕೆ ಮಾತ್ರವಲ್ಲ, ಒಳಗಿನ ಲೋಹ ಕೊರೆಯದಂತೆ ತಡೆಯುವ ರಾಸಾಯನಿಕವೂ ಅದರಲ್ಲಿದೆ. ಬರಿ ನೀರು ಹಾಕಿದ ರೇಡಿಯೇಟರ್ ಕೆಲವು ವರ್ಷಗಳಲ್ಲಿ ಕೆಸರು ಕಟ್ಟುತ್ತದೆ, ಎಂಜಿನ್ ಬಿಸಿಯಾಗಿ ಹೆಡ್ ಹೋಗುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೆಯೇ, ಗಾಳಿಯ ತೇವ ಹೀರುತ್ತದೆ. ಈ ನಗರದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿಕೊಳ್ಳುವುದು ಕ್ಷೇಮ. ಬ್ಯಾಟರಿಯ ತುದಿಗಳಲ್ಲಿ ಹಸಿರು-ಬಿಳಿ ಹುಡಿ ಕಂಡರೆ ಮೊದಲು ನೆಗೆಟಿವ್ ವಯರು ತೆಗೆದು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒಣಗಿಸಿ, ವ್ಯಾಸಲಿನ್ ಹಚ್ಚಿ.

ಡಬ್ಲ್ಯು 123 ಡೀಸೆಲ್ ಕಾರಿನ ಒಂದು ತಮಾಷೆ ಗೊತ್ತೇ? ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ! ಭೂತವೇನಲ್ಲ. ಆ ಕಾರಿನಲ್ಲಿ ಎಂಜಿನ್ ನಿಲ್ಲಿಸುವುದು, ಬಾಗಿಲುಗಳನ್ನು ಒಟ್ಟಿಗೆ ಲಾಕ್ ಮಾಡುವುದು ಎರಡೂ ನಿರ್ವಾತದಿಂದ, ಸಣ್ಣ ಕೊಳವೆಗಳ ಜಾಲದ ಮೂಲಕ. ಒಂದು ಕಡೆ ರಬ್ಬರ್ ಸೀಳಿದರೆ ಬಲ ಸೋರಿಹೋಗುತ್ತದೆ. ಗಾಬರಿಯಾಗದೆ ಬಾನೆಟ್ ಎತ್ತಿ, ಸ್ಟಾಪ್ ಎಂದು ಬರೆದ ಸಣ್ಣ ಸನ್ನೆಯನ್ನು ಒತ್ತಿ, ಎಂಜಿನ್ ನಿಲ್ಲುತ್ತದೆ. ಆಮೇಲೆ ಸಮಾಧಾನದಲ್ಲಿ ರಬ್ಬರ್ ಜೋಡಣೆಗಳನ್ನು ಒಂದೊಂದೇ ಪರೀಕ್ಷಿಸಿ. ಹಾಗೆಯೇ ಇದರ ವಾಲ್ವ್ ಅಂತರವನ್ನು ಆಗಾಗ ಹೊಂದಿಸಬೇಕು. 240ಡಿಗೆ ತಣ್ಣಗಿರುವಾಗ ಇನ್‌ಟೇಕ್ 0.10, ಎಕ್ಸಾಸ್ಟ್ 0.30 ಮಿ.ಮೀ. ಮೆಕ್ಯಾನಿಕ್ ಬಳಿ ಮಾಡಿಸಿದರೂ ಈ ಅಂಕಿ ನಿಮಗೆ ಗೊತ್ತಿರಲಿ. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ವಯರುಗಳ ಹೊದಿಕೆ ಬಿಸಿಗೆ ಹಪ್ಪಳದಂತೆ ಪುಡಿಯಾಗುವ ದೋಷವಿತ್ತು. ಅಂಥವನ್ನು ಬಗ್ಗಿಸಿ ನೋಡುವ ಉಪದ್ವ್ಯಾಪ ಬೇಡ.

ಎಲ್ಲಿ ನಿಲ್ಲಬೇಕು ಎಂಬುದೂ ಸ್ವಂತ ರಿಪೇರಿಯ ಪಾಠವೇ. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ಎಂದಿಗೂ ತೂರಬೇಡಿ, ಸ್ಟ್ಯಾಂಡ್ ಕಡ್ಡಾಯ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಬ್ರೇಕು, ಸಸ್ಪೆನ್ಷನ್ ಸ್ಪ್ರಿಂಗು, ಡೀಸೆಲ್ ಪಂಪು, ಏರ್‌ಬ್ಯಾಗು ಇವನ್ನು ಬಲ್ಲವರಿಗೇ ಬಿಡಿ. ಹಳೆಯ ಬ್ರೇಕಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಊದಬೇಡಿ. ತೆಗೆದ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ರೇಡಿಯೊ ಹೇಳುವ ಗುಟ್ಟು

ರೇಡಿಯೊ ಪತ್ರಿಕೆಯಲ್ಲಿ ರೇಡಿಯೊ ಇಲ್ಲದಿದ್ದರೆ ಹೇಗೆ? ಯುರೋಪಿನ ಮೊದಲ ಕಾರ್ ರೇಡಿಯೊ 1932ರಲ್ಲಿ ಬಂದದ್ದು ಬ್ಲಾಪುಂಕ್ಟ್ ಹೆಸರಿನಿಂದ ನಾವು ಬಲ್ಲ ಜರ್ಮನ್ ಕಂಪೆನಿಯಿಂದ. ಹಾಗೆಂದರೆ ನೀಲಿ ಚುಕ್ಕಿ. ಪರೀಕ್ಷೆಯಲ್ಲಿ ಪಾಸಾದ ಹೆಡ್‌ಫೋನಿಗೆ ಅಂಟಿಸುತ್ತಿದ್ದ ಗುರುತೇ ಹೆಸರಾಯಿತು. 1953ರಲ್ಲಿ ಬೆಕರ್ ಕಂಪೆನಿಯ ಮೆಕ್ಸಿಕೋ ಎಂಬ ರೇಡಿಯೊ ತಾನಾಗಿಯೇ ಸ್ಟೇಷನ್ ಹುಡುಕುತ್ತಿತ್ತು. ನಿಮ್ಮ ಹಳೆಯ ಕಾರಿನಲ್ಲಿ ಅಂಥದು ಇದ್ದರೆ ಕಿತ್ತು ಹೊಸ ಸ್ಟೀರಿಯೊ ಹಾಕಬೇಡಿ. ಅದರ ಎಫ್‌ಎಂ ಪಟ್ಟಿ 104ಕ್ಕೇ ನಿಂತಿದ್ದರೆ ಅದು ಕೆಟ್ಟದ್ದಲ್ಲ, ಆಗಿನ ಯುರೋಪಿನ ಎಫ್‌ಎಂ ಅಲ್ಲಿಗೇ ಮುಗಿಯುತ್ತಿತ್ತು.

ಈ ರೇಡಿಯೊ ಒಬ್ಬ ವೈದ್ಯ ಕೂಡ. ಪೆಟ್ರೋಲ್ ಕಾರಿನಲ್ಲಿ ಮೀಡಿಯಂ ವೇವ್ ಹಾಕಿ ಆಕ್ಸಿಲರೇಟರ್ ಒತ್ತಿ. ವೇಗಕ್ಕೆ ತಕ್ಕಂತೆ ಚಟಪಟ ಸದ್ದು ಹೆಚ್ಚಿದರೆ ಪ್ಲಗ್ ಅಥವಾ ಅದರ ವಯರಿನತ್ತ ನೋಡಿ. ಸಣ್ಣ ಶಿಳ್ಳೆಯಂತೆ ಏರಿದರೆ ಡೈನಮೋ ಕಡೆ ಗಮನ ಕೊಡಿ.

ಇನ್ನು ನಿರ್ಧಾರ ನಿಮ್ಮದು

ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಮಹಾರಾಷ್ಟ್ರದಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಆದರೆ ಖರ್ಚು ಏರಿದೆ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಲ್ಲಿ 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ, ಆಮದು ಕಾರಾದರೆ 80,000 ರೂಪಾಯಿ ಎಂದು ನಿಗದಿಯಾಯಿತು. ಅಪ್ಪ ಗಲ್ಫಿನಿಂದ ತಂದ ಕಾರಿನ ಮುಂದೆ ನಿಂತು ಅನೇಕ ಮನೆಗಳು ಇಂದು ಲೆಕ್ಕ ಹಾಕುತ್ತಿರುವುದು ಇದನ್ನೇ.

ಇನ್ನೊಂದು ಬಾಗಿಲೂ ತೆರೆದಿದೆ. 2021ರ ಜುಲೈನಲ್ಲಿ ಬಂದ ನಿಯಮದಂತೆ 50 ವರ್ಷ ಮೀರಿದ ಕಾರನ್ನು ವಿಂಟೇಜ್ ಎಂದು ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಅದು ಸಲ್ಲದು, ಪ್ರದರ್ಶನ, ರ್ಯಾಲಿಗಳಿಗೆ ಮಾತ್ರ. 1976ರ ಡಬ್ಲ್ಯು 123ಗಳು 2026ರಿಂದ ಈ ವಯಸ್ಸು ಮುಟ್ಟುತ್ತವೆ. ಆದರೆ ಒಂದು ಷರತ್ತು ಗಮನಿಸಿ: ಚಾಸಿ, ಮೈಕಟ್ಟು, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಬಂಪರ್ ಕತ್ತರಿಸಿ, ಬೇರೆ ಎಂಜಿನ್ ಕೂರಿಸಿ "ಮಾಡರ್ನ್" ಮಾಡಿದವರಿಗೆ ಈ ದಾರಿ ಕಷ್ಟ. ಏನನ್ನೂ ಬದಲಿಸದೆ ಒರೆಸಿ, ಒಣಗಿಸಿ ಇಟ್ಟವರ ತಾಳ್ಮೆಗೆ ಈಗ ಕಾನೂನಿನ ಬೆಲೆಯೂ ಬಂದಿದೆ.

2014ರಿಂದ ಮುಂಬಯಿಯಲ್ಲಿ ಹಳೆಯ ಮರ್ಸಿಡಿಸ್‌ಗಳ ರ್ಯಾಲಿ ನಡೆಯುತ್ತಾ ಬಂದಿದೆ, ಸಿಕ್ಕಿದರೆ ಹೋಗಿ ನೋಡಿ. ಊರಿಗೆ ಹೋದಾಗ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿ ಬನ್ನಿ. ಅಲ್ಲಿನ ಹೊಳಪು ನೋಡಿ ಬೆರಗಾಗುವ ಮಕ್ಕಳನ್ನು ಮುಂದಿನ ಭಾನುವಾರ ನಿಮ್ಮ ಕಾರಿನ ಬಳಿ ಕರೆಯಿರಿ, ಕೈಗೊಂದು ಹಿಡಿಸೂಡಿ ಕಡ್ಡಿ ಕೊಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈ ಗ್ರೀಸ್ ಆದರೆ? ಹೆಣ್ಣುಮಗಳಾದರೆ ಬೆರ್ತಾ ಬೆಂಜ್‌ಳ ಕಥೆಯಿಂದಲೇ ಶುರುಮಾಡಿ. ಚೋರ್ ಬಜಾರಿನ ಹಳೆಯ ಕೈಗಳು ಒಂದೊಂದಾಗಿ ವಿಶ್ರಾಂತಿಗೆ ಹೋಗುತ್ತಿವೆ. ಅವರು ಬಲ್ಲದ್ದರಲ್ಲಿ ಒಂದಿಷ್ಟಾದರೂ ಮನೆಯಲ್ಲಿ ಯಾರಾದರೂ ಕಲಿತಿದ್ದರೆ, ಆ ಕವರಿನ ಕೆಳಗಿನ ಕಾರು ಇನ್ನೂ ಕೆಲವು ಮಳೆಗಾಲ ಕಂಡೀತು.

ನಿಮ್ಮ ಮನೆಯಲ್ಲೂ ಅಂಥ ಕಾರಿದ್ದರೆ ಅದರ ಕಥೆಯನ್ನು ನಮಗೆ ಬರೆದು ತಿಳಿಸಿ. ಅಲ್ಲಿಯವರೆಗೆ, ಕೇಳುತ್ತಾ ಇರಿ: ರೇಡಿಯೊವನ್ನೂ, ಎಂಜಿನ್ನನ್ನೂ!